ಲೈಕ್ 640, ಮಾರಾಟ 58: ಫಾಲೋವರ್‌ಗಳ ನಡುವೆ ಓದುಗರು ಎಲ್ಲಿದ್ದಾರೆ?

ಪ್ರಶ್ನೆ: ನಮಸ್ಕಾರ ಸರ್. ಯಾದಗಿರಿ ಜಿಲ್ಲೆ ಶಹಾಪುರದಾಗ ಖಾಸಗಿ ಹೈಸ್ಕೂಲಿನ ಕನ್ನಡ ಟೀಚರ್ ಇದ್ದೀನಿ. ಆರು ವರ್ಷದಿಂದ ಫೇಸ್‌ಬುಕ್‌ನಾಗ ಕಥಿ ಬರೀತೀನಿ. ಅಲ್ಲಿ 4,700 ಮಂದಿ ಫ್ರೆಂಡ್ಸ್, ಇನ್‌ಸ್ಟಾಗ್ರಾಂನಾಗ 2,100 ಫಾಲೋವರ್ಸ್ ಅದಾರ. ಹೋದ ದೀಪಾವಳಿಗೆ ಸ್ವಂತ ರೊಕ್ಕ ಹಾಕಿ ಮೊದಲ ಕಥಾಸಂಕಲನ ತಂದೆ. 12 ಕಥಿ, 144 ಪುಟ, ಬೆಲೆ 180 ರೂಪಾಯಿ, 500 ಪ್ರತಿ. ಮುಖಪುಟ ಹಾಕಿದ ದಿನ 640 ಲೈಕ್ ಬಂದ್ವು. ಮೂರು ತಿಂಗಳಾದ್ರೂ ಹೋಗಿದ್ದು 58 ಪ್ರತಿ, ಅದರಾಗ ಅರ್ಧ ಬೀಗರು-ಬಿಜ್ಜರೇ. ಒಬ್ಬರು 3,000 ರೂಪಾಯಿ ಕೊಟ್ರೆ 10,000 ಫಾಲೋವರ್ಸ್ ಮಾಡಿಕೊಡ್ತೀನಿ ಅಂತಾರ. ಇನ್ನೊಬ್ಬರು ದಿನಾ ಮೂರು ಪೋಸ್ಟ್ ಹಾಕ್ರಿ, ನಮ್ಮ ಕಡಿ ಭಾಷಾ ಬಿಡ್ರಿ, ಬೆಂಗಳೂರು ಮಂದಿಗೆ ತಿಳಿಯೂದಿಲ್ಲ ಅಂತಾರ. ವಾಟ್ಸಾಪ್ ಗ್ರೂಪ್ ಮಾಡಿ 300 ಮಂದಿ ಸೇರಿಸಿದ್ರೆ ಎರಡೇ ದಿನದಾಗ 90 ಮಂದಿ ಬಿಟ್ಟುಹೋದ್ರು. ನನ್ನ ನಂಬರ್ ಎಲ್ಲಾರಿಗೂ ಸಿಕ್ಕು ರಾತ್ರಿ ಕಾಲ್ ಬೇರೆ ಬರ್ಲಿಕತ್ಯಾವ. ಉಳಿದ ಪುಸ್ತಕ ಮನ್ಯಾಗ ಕಟ್ಟು ಕಟ್ಟು ಬಿದ್ದಾವ. ಬರವಣಿಗೀನೇ ಸುಮಾರು ಐತೇನೋ ಅನ್ನಸ್ತದ. ಏನು ಮಾಡ್ಲಿ?

ಉತ್ತರ: ಕೊನೆಯ ವಾಕ್ಯದಿಂದಲೇ ಶುರು ಮಾಡೋಣ, ಉಳಿದೆಲ್ಲ ಪ್ರಶ್ನೆಗಳ ಬೇರು ಅಲ್ಲಿದೆ. ನಿಮ್ಮ ಬರವಣಿಗೆ ಚೆನ್ನಾಗಿದೆಯೋ ಇಲ್ಲವೋ ಎಂಬುದಕ್ಕೆ ನೀವು ಕೊಟ್ಟ ಅಂಕಿಗಳಲ್ಲಿ ಸಾಕ್ಷಿಯೇ ಇಲ್ಲ. ಆ 640 ಮಂದಿ ನಿಮ್ಮ ಕಥೆ ಓದಿ ಲೈಕ್ ಒತ್ತಿದವರಲ್ಲ. ಟೀಚರ್ ಪುಸ್ತಕ ತಂದರು ಎಂದು ಖುಷಿಪಟ್ಟವರು, ಮದುವೆಗೆ ಬಂದು ಅಕ್ಕಿಕಾಳು ಹಾಕಿ ಹೋದ ಹಾಗೆ. ಅದು ಸುಳ್ಳು ಪ್ರೀತಿಯಲ್ಲ, ಆದರೆ ಓದೂ ಅಲ್ಲ. ಅದನ್ನು ಮಾರಾಟದ ಮುಂಗಡ ಎಂದು ಲೆಕ್ಕ ಹಾಕಿದಾಗಲೇ ನಿರಾಸೆ ಶುರುವಾಗುತ್ತದೆ. ಮೊದಲ ಪುಸ್ತಕ ತಂದವರು ಬಹಳಷ್ಟು ಜನ ಎಡವುವ ಜಾಗ ಇದೇ.

4,700 ಮಂದಿಯೂ ನಿಮ್ಮ ಪೋಸ್ಟ್ ನೋಡುತ್ತಾರೆ ಎಂಬುದು ಇನ್ನೊಂದು ತಪ್ಪು ಎಣಿಕೆ. ಫೇಸ್‌ಬುಕ್ 2018ರ ಜನವರಿಯಲ್ಲೇ ತನ್ನ ಫೀಡ್‌ನ ನಿಯಮ ಬದಲಿಸಿ, ಜನ ಪರಸ್ಪರ ಮಾತಾಡುವ ಪೋಸ್ಟ್‌ಗಳಿಗೆ ಆದ್ಯತೆ ಎಂದು ಸಾರಿತು. ಯಾರ ಪೋಸ್ಟ್‌ಗೆ ಯಾರು ಹಿಂದೆ ಕಮೆಂಟ್ ಹಾಕಿದ್ದಾರೆ, ಯಾರ ಜೊತೆ ಮಾತು ನಡೆದಿದೆ ಎಂಬುದರ ಮೇಲೆ ಯಾರಿಗೆ ಏನು ಕಾಣಬೇಕೆಂದು ಅದು ಆರಿಸುತ್ತದೆ. ಐದು ವರ್ಷದ ಹಿಂದೆ ರಿಕ್ವೆಸ್ಟ್ ಒಪ್ಪಿಕೊಂಡು ಆಮೇಲೆ ಒಂದು ಮಾತೂ ಆಡದ ಸಾವಿರಾರು ಮಂದಿಗೆ ನೀವು ಕಾಣುವುದೇ ಇಲ್ಲ. ಅಲ್ಲದೆ ಫೇಸ್‌ಬುಕ್ ಪ್ರೊಫೈಲಿಗೆ 5,000 ಸ್ನೇಹಿತರ ಮಿತಿ ಇದೆ. ನೀವು ಅದರ ಅಂಚಿನಲ್ಲಿದ್ದೀರಿ. ಸೆಟ್ಟಿಂಗ್‌ನಲ್ಲಿ ಪ್ರೊಫೆಶನಲ್ ಮೋಡ್ ಆನ್ ಮಾಡಿ, ಕಥೆಯ ಪೋಸ್ಟ್‌ಗಳನ್ನು ‘ಪಬ್ಲಿಕ್’ ಇಡಿ. ಆಗ ಹೊಸಬರು ಫ್ರೆಂಡ್ ಆಗದೆಯೂ ಫಾಲೋ ಮಾಡಬಹುದು. ಮಕ್ಕಳ, ಮನೆಯ ಫೋಟೊಗಳು ‘ಫ್ರೆಂಡ್ಸ್’ ಅಂತಲೇ ಇರಲಿ.

ಮೊದಲು ಹೆಸರು ಬರೆದುಕೊಳ್ಳಿ

ಒಂದು ಭಾನುವಾರ ಕೂತು ನಿಮ್ಮ ಹಿಂದಿನ 30 ಪೋಸ್ಟ್ ತೆಗೆಯಿರಿ. ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಹಾಕಿ. ಪೋಸ್ಟ್ ಯಾವ ಬಗೆಯದು (ಕಥೆಯ ತುಣುಕು, ಸಮಾರಂಭದ ಫೋಟೊ, ಹಬ್ಬದ ಶುಭಾಶಯ) ಎಂಬುದು ಮೊದಲನೆಯದು. ಒಂದು ಪೂರ್ತಿ ವಾಕ್ಯಕ್ಕಿಂತ ಹೆಚ್ಚು ಬರೆದವರ ಹೆಸರು ಎರಡನೆಯದು, ಶೇರ್ ಮಾಡಿದವರದು ಮೂರನೆಯದು, ಇನ್‌ಬಾಕ್ಸಿಗೆ ಬಂದು ಕಥೆಯ ಬಗ್ಗೆ ಕೇಳಿದವರದು ನಾಲ್ಕನೆಯದು. ಲೈಕ್ ಎಣಿಸಬೇಡಿ. ‘ಸೂಪರ್ ಮೇಡಂ’, ಕೈಮುಗಿದ ಚಿತ್ರ, ಹೂಗುಚ್ಛ, ಇವನ್ನೂ ಬಿಡಿ.

ಮೂರು ಸಲಕ್ಕಿಂತ ಹೆಚ್ಚು ಬಂದ ಹೆಸರಿಗೆ ಗೆರೆ ಎಳೆಯಿರಿ. ಅವರು ಎಪ್ಪತ್ತು ಜನ ಇರಬಹುದು, ನೂರಿಪ್ಪತ್ತು ಇರಬಹುದು. ನಿಮ್ಮ ಓದುಗರು ಸದ್ಯಕ್ಕೆ ಅಷ್ಟೇ. ಮುಂದಿನ ಎರಡು ತಿಂಗಳ ಕೆಲಸವೆಲ್ಲ ಇವರ ಜೊತೆ, ಉಳಿದ 4,600 ಮಂದಿಯ ಚಿಂತೆ ಬಿಡಿ. ಇನ್‌ಸ್ಟಾಗ್ರಾಂನಲ್ಲಿ ಇದೇ ಲೆಕ್ಕ ನೋಡಲು ಖಾತೆಯನ್ನು ಪ್ರೊಫೆಶನಲ್‌ಗೆ ಬದಲಿಸಿಕೊಳ್ಳಬೇಕು. ದುಡ್ಡೇನಿಲ್ಲ. ಯಾವ ಪೋಸ್ಟನ್ನು ಎಷ್ಟು ಜನ ಸೇವ್ ಮಾಡಿದರು, ಎಷ್ಟು ಜನ ಇನ್ನೊಬ್ಬರಿಗೆ ಕಳಿಸಿದರು ಎಂಬುದು ಆಗ ಕಾಣುತ್ತದೆ. ಕಥೆಗಾರರಿಗೆ ಬೇಕಾದದ್ದು ಆ ಎರಡು ಅಂಕಿ.

ಪೋಸ್ಟ್ ಕಟ್ಟುವುದು

‘ನನ್ನ ಚೊಚ್ಚಲ ಕಥಾಸಂಕಲನ ಲಭ್ಯವಿದೆ, ಕೊಂಡು ಓದಿ ಪ್ರೋತ್ಸಾಹಿಸಿ’ ಎಂಬ ಪೋಸ್ಟನ್ನು ನೀವು ಮೂರು ತಿಂಗಳಲ್ಲಿ ಹಲವು ಸಲ ಹಾಕಿರುತ್ತೀರಿ. ಅದನ್ನು ಓದಿದವರಿಗೆ ಮಾಡಲು ಎರಡೇ ಕೆಲಸ: ಕೊಳ್ಳಬೇಕು, ಇಲ್ಲ ಅಭಿನಂದಿಸಿ ಮುಂದೆ ಹೋಗಬೇಕು. ಎರಡನೆಯದು ಸಲೀಸು. ಒಳಗೆ ಏನಿದೆ ಎಂಬ ರುಚಿಯೇ ಸಿಗದವರು 180 ರೂಪಾಯಿ ಯಾಕೆ ತೆಗೆದಾರು?

ಮುಖಪುಟ ಪಕ್ಕಕ್ಕಿಡಿ. ಕಥೆಯೊಳಗಿಂದ 100–150 ಪದ ತೆಗೆಯಿರಿ, ಅದೂ ಕಥೆ ತಿರುಗುವ ಜಾಗಕ್ಕೆ ಬಂದು ನಿಲ್ಲುವ ಹಾಗೆ. ಉದ್ದ ಪೋಸ್ಟನ್ನು ಫೇಸ್‌ಬುಕ್ ಕೆಲವು ಸಾಲಿಗೇ ಮಡಚಿ ‘ಸೀ ಮೋರ್’ ಎಂದು ತೋರಿಸುತ್ತದೆ. ಹಾಗಾಗಿ ಮೊದಲ ಎರಡು ಸಾಲಿನಲ್ಲೇ ಹಿಡಿತ ಇರಬೇಕು. ಒಂದು ಮಾದರಿ:

‘ಎಳ್ಳಮಾಸಿ ದಿನ ಗಾಡಿ ಹೊಲದ ಕಡಿ ಹೊಂಟಾಗ ಅವ್ವ ಭಜ್ಜಿ ಗಡಗಿ ತೊಡಿ ಮ್ಯಾಲ ಇಟ್ಕೊಂಡಿದ್ಲು. ಹೊಲ ಮಾರಿ ಎಂಟು ದಿನ ಆಗಿತ್ತು. ಚರಗ ಎಲ್ಲಿ ಚೆಲ್ಲೂದು ಅಂತ ಯಾರೂ ಕೇಳಲಿಲ್ಲ.’

ಇದರ ಕೆಳಗೆ ‘ಹೇಗಿದೆ ಹೇಳಿ’ ಎಂದು ಬರೆದರೆ ಬರುವುದು ‘ಸೂಪರ್’ ಮಾತ್ರ. ಯಾಕೆಂದರೆ ನೀವು ಓದುಗರನ್ನು ವಿಮರ್ಶಕರ ಕುರ್ಚಿಯಲ್ಲಿ ಕೂರಿಸಿದಿರಿ, ಅಲ್ಲಿ ಕೂರಲು ಯಾರಿಗೂ ಇಷ್ಟವಿಲ್ಲ. ಅದರ ಬದಲು ‘ಚರಗ ಚೆಲ್ಲುವಾಗ ನಿಮ್ಮೂರಾಗ ಏನಂತ ಕೂಗ್ತಾರ?’ ಎಂದು ಕೇಳಿ. ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಎಡೆಯ ಅಡುಗೆ ಚೆಲ್ಲುವುದೇ ಚರಗ, ಆಗಿನ ಕೂಗು ಊರಿಂದ ಊರಿಗೆ ಬೇರೆ. ಆಳಂದದವರದು ಒಂದು, ಭಾಲ್ಕಿಯವರದು ಇನ್ನೊಂದು, ಸುರಪುರದವರದು ಮತ್ತೊಂದು. ಉತ್ತರ ಒಂದೇ ಸಾಲಿನದು, ಕೊಡುವವರಿಗೆ ಅದು ಖಚಿತವಾಗಿ ಗೊತ್ತು, ತಪ್ಪಾದೀತೆಂಬ ಅಂಜಿಕೆ ಇಲ್ಲ. ಹೊಟ್ಟೆಪಾಡಿಗೆ ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರು ಸೇರಿದ ನಮ್ಮ ಕಡೆಯವರು ಇಂಥ ಪ್ರಶ್ನೆ ಕಂಡರೆ ಬಿಟ್ಟು ಹೋಗುವುದಿಲ್ಲ.

ನಿಜವಾದ ಕೆಲಸ ಇಲ್ಲಿಂದ ಮುಂದೆ, ಕಮೆಂಟಿನಲ್ಲಿ. ಪೋಸ್ಟ್ ಹಾಕಿ ಫೋನ್ ಬದಿಗಿಟ್ಟು ಅಡುಗೆಗೆ ಹೋಗುವುದಾದರೆ ಆ ಹೊತ್ತಿನಲ್ಲಿ ಹಾಕಲೇಬೇಡಿ. ಮೊದಲ ಒಂದು ಗಂಟೆ ಕೈಗೆ ಬಿಡುವಿರಬೇಕು. ಯಾರೋ ‘ನಮ್ಮಪ್ಪ ಕೂಗ್ತಿದ್ರು, ಈಗ ಹೊಲಾ ಪಾಲಿಗೆ ಕೊಟ್ಟೀವಿ’ ಎಂದು ಬರೆದರೆ ಅದಕ್ಕೆ ‘ಧನ್ಯವಾದಗಳು’ ಎಂದು ಹಾಕಿ ಮಾತು ಮುಗಿಸಬೇಡಿ. ‘ಪಾಲಿಗೆ ಹಿಡಿದವರು ಚರಗ ಚೆಲ್ತಾರೇನ್ರಿ ಈಗ?’ ಎಂದು ಕೇಳಿ. ಅವರು ಮರಳಿ ಬರೆಯುತ್ತಾರೆ, ಅವರ ಊರಿನ ಇನ್ನೊಬ್ಬರು ನಡುವೆ ಬಾಯಿ ಹಾಕುತ್ತಾರೆ. ಪೋಸ್ಟ್ ಹೊಸಬರಿಗೆ ತಲುಪುವುದು ಹೀಗೆ.

ಮೂರನೆಯ ದಿನ ಆ ಕಮೆಂಟುಗಳಲ್ಲಿ ನಾಲ್ಕೈದು ಒಳ್ಳೆಯದನ್ನು ಆರಿಸಿ, ಬರೆದವರಿಗೆ ಮೆಸೇಜ್ ಮಾಡಿ ಒಪ್ಪಿಗೆ ಪಡೆದು, ಅವರ ಹೆಸರು ಮತ್ತು ಊರಿನ ಸಮೇತ ಬೇರೆ ಪೋಸ್ಟ್ ಮಾಡಿ. ತಮ್ಮ ಮಾತು ಅಚ್ಚುಕಟ್ಟಾಗಿ ಬಂದದ್ದನ್ನು ಅವರು ಮನೆಮಂದಿಗೆಲ್ಲ ಕಳಿಸುತ್ತಾರೆ. ನೀವು ಶೇರ್ ಮಾಡಿ ಎಂದು ಗೋಗರೆಯುವ ಪ್ರಮೇಯವಿಲ್ಲ. ಒಪ್ಪಿಗೆ ಕೇಳದೆ ಹಾಕಿದರೆ ಮಾತ್ರ ಕೆಲಸ ಕೆಡುತ್ತದೆ. ಹೊಲ ಮಾರಿದ್ದು, ಪಾಲಿಗೆ ಕೊಟ್ಟಿದ್ದು ಮನೆಯೊಳಗಿನ ವಿಷಯ.

ಪುಸ್ತಕದ ಮಾತು ನಾಲ್ಕು ಪೋಸ್ಟಿಗೊಮ್ಮೆ ಸಾಕು, ಕೊನೆಯ ಸಾಲಿನಲ್ಲಿ: ‘ಈ ಕಥೆ ಪೂರ್ತಿ ಸಂಕಲನದಾಗ ಅದ. ಬೇಕಾದವರು ನನಗ ಮೆಸೇಜ್ ಮಾಡ್ರಿ.’ ‘ಪುಸ್ತಕ ಬೇಕಾದರೆ ಕಮೆಂಟಿನಲ್ಲಿ ಎಸ್ ಅನ್ನಿ’, ‘ಮೂವರನ್ನು ಟ್ಯಾಗ್ ಮಾಡಿ’ ಎಂಬ ವರಸೆ ಬೇಡ. ಲೈಕ್, ಕಮೆಂಟ್, ಟ್ಯಾಗ್ ಬೇಡುವ ಪೋಸ್ಟ್‌ಗಳನ್ನು ಕೆಳಗೆ ತಳ್ಳುವುದಾಗಿ ಫೇಸ್‌ಬುಕ್ 2017ರ ಡಿಸೆಂಬರ್‌ನಲ್ಲೇ ಹೇಳಿದೆ. ನಲವತ್ತು ಮಂದಿಯನ್ನು ನೀವೇ ಟ್ಯಾಗ್ ಮಾಡುವುದಂತೂ ನಲವತ್ತು ಮಂದಿಯ ಸಿಟ್ಟು ಕೊಂಡಂತೆ.

ದಿನಕ್ಕೆ ಮೂರು ಪೋಸ್ಟ್ ಎಂಬ ಸಲಹೆ ಸುದ್ದಿ ಪೇಜ್‌ಗಳಿಗೆ ಸರಿ. ಶಾಲೆ, ಮನೆ, ಬರವಣಿಗೆ ಮೂರನ್ನೂ ತೂಗಿಸುವವರಿಗೆ ವಾರಕ್ಕೆ ಎರಡು ಕಥೆಯ ಪೋಸ್ಟ್, ಒಂದು ಓದುಗರ ಪೋಸ್ಟ್ ಸಾಕು. ಹೆಚ್ಚು ಹಾಕಿದರೆ ಕಮೆಂಟಿಗೆ ಉತ್ತರಿಸಲು ಪುರಸೊತ್ತು ಸಿಗುವುದಿಲ್ಲ, ಆಗ ಹಾಕಿದ್ದೂ ದಂಡ. ಹಬ್ಬ-ಜಾತ್ರೆಗಳ ಪಟ್ಟಿ ಮೊದಲೇ ಮಾಡಿಕೊಳ್ಳಿ: ಎಳ್ಳಮಾವಾಸ್ಯೆ, ಸಂಕ್ರಾಂತಿಯ ಮೈಲಾಪುರ ಜಾತ್ರೆ, ತಿಂಥಣಿ ಮೌನೇಶ್ವರ, ಕಲಬುರಗಿಯ ಶರಣಬಸವೇಶ್ವರ ತೇರು, ಮೊಹರಂ, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ. ಇವುಗಳಿಗೆ ಶುಭಾಶಯದ ಚಿತ್ರ ಬೇಡ. ನಿಮ್ಮ 12 ಕಥೆಗಳಲ್ಲಿ ಯಾವುದರ ಯಾವ ತುಣುಕು ಯಾವ ದಿನಕ್ಕೆ ಕೂಡುತ್ತದೆ ಎಂದು ನೋಡಿಟ್ಟುಕೊಳ್ಳಿ.

ಒಂದು ತಾಂತ್ರಿಕ ಸಂಗತಿ. ಪುಸ್ತಕದ ಡಿಟಿಪಿ ಫೈಲ್ ಬಹುಶಃ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿರುತ್ತದೆ. ಅದನ್ನು ಹಾಗೇ ಕಾಪಿ ಮಾಡಿ ಫೇಸ್‌ಬುಕ್ಕಿಗೆ ಹಾಕಿದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಬರುತ್ತದೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಅರ್ಕಾವೊತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದಿ. ಚಿತ್ರದ ಮೇಲೆ ಸಾಲು ಬರೆಸುವಾಗ ಫೋಟೊಶಾಪ್‌ನಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಒಡೆದರೆ ಡಿಸೈನರ್‌ಗೆ ಟೈಪ್ ಸೆಟ್ಟಿಂಗ್‌ನಲ್ಲಿ ‘ವರ್ಲ್ಡ್ ರೆಡಿ ಲೇಔಟ್’ ಆರಿಸಲು ಹೇಳಿ. ಇಡೀ ತುಣುಕನ್ನು ಚಿತ್ರವಾಗಿ ಹಾಕಬೇಡಿ. ಸಣ್ಣ ಫೋನಿನಲ್ಲಿ ಓದಲಾಗದು, ಹುಡುಕಿದರೂ ಸಿಗದು. ಚಿತ್ರದಲ್ಲಿ ಎರಡು ಸಾಲು, ಉಳಿದದ್ದು ಪಠ್ಯದಲ್ಲಿ.

ನಮ್ಮ ಕಡಿ ಭಾಷೆ ಬಿಡಬೇಕೇ?

ಬೇಡ. ಬಿಟ್ಟರೆ ನಿಮ್ಮ ಬರಹ ಇತರ ಸಾವಿರ ಬರಹಗಳ ಹಾಗೆ ಕಾಣುತ್ತದೆ, ಮತ್ತೆ ಬೆಂಗಳೂರಿನವರು ಯಾಕೆ ನಿಮ್ಮ ಹತ್ತಿರ ಬರಬೇಕು? ಆದರೆ ಆ ಸಲಹೆಯಲ್ಲಿ ಕಾಳಷ್ಟು ಸತ್ಯವಿದೆ. ಮೈಸೂರು ಕಡೆಯವರು ಮೊದಲ ಸಾಲಿನಲ್ಲೇ ಮೂರು ಅಪರಿಚಿತ ಪದ ಕಂಡರೆ ಬೆರಳು ಮೇಲಕ್ಕೆ ಸರಿಸುತ್ತಾರೆ. ಆಯ್ದ ತುಣುಕಿನ ಆರಂಭದಲ್ಲಿ ಯಾರು, ಎಲ್ಲಿ ಎಂಬುದು ತಿಳಿಯುವಂತಿರಲಿ. ಮಾತುಕತೆ ಪೂರ್ತಿ ನಮ್ಮ ಭಾಷೆಯಲ್ಲೇ ಇರಲಿ. ಪದಕೋಶ ಲಗತ್ತಿಸಬೇಡಿ. ಗೊತ್ತಾಗದವರು ಕೇಳಲಿ, ಅದೂ ಒಂದು ಕಮೆಂಟೇ.

ಓದಿದಾಗ ತೊಡರುವ ಈ ಭಾಷೆ ಕೇಳಿದಾಗ ತೊಡರುವುದಿಲ್ಲ. ಅದಕ್ಕೇ ಇನ್‌ಸ್ಟಾಗ್ರಾಂ ರೀಲ್. 45ರಿಂದ 60 ಸೆಕೆಂಡ್, ಸುಮಾರು 90–110 ಪದ, ನಿಮ್ಮ ದನಿಯಲ್ಲಿ. ‘ಎಲ್ಲರಿಗೂ ನಮಸ್ಕಾರ, ನಾನು ಈ ದಿನ...’ ಎಂದು ಶುರು ಮಾಡಬೇಡಿ, ನೇರ ಕಥೆಯ ಸಾಲಿನಿಂದಲೇ ಎತ್ತಿಕೊಳ್ಳಿ. ಫ್ಯಾನ್ ಬಂದ್ ಮಾಡಿ, ಫೋನನ್ನು ಬಾಯಿಂದ ಒಂದು ಗೇಣು ದೂರ ಇಡಿ, ಬಟ್ಟೆ ತುಂಬಿದ ಅಲ್ಮೇರಾ ಇರುವ ಕೋಣೆಯಲ್ಲಿ ದನಿ ಗುಂಯ್‌ಗುಡುವುದಿಲ್ಲ. ಮುಖ ತೋರಿಸುವುದು ಬೇಡವೆನಿಸಿದರೆ ಕೈಯಲ್ಲಿ ತೆರೆದ ಪುಟ ತೋರಿಸಿದರೂ ಸಾಕು. ಕೆಳಗೆ ಕನ್ನಡದಲ್ಲೇ ಸಾಲು ಮೂಡಿಸಿ, ಬಸ್ಸಿನಲ್ಲಿ ಕೂತವರು ಶಬ್ದ ಬಂದ್ ಮಾಡಿಯೇ ನೋಡುತ್ತಾರೆ. ಎಷ್ಟು ಹೊತ್ತು ನೋಡಿದರು, ಎಷ್ಟು ಲೈಕ್, ಎಷ್ಟು ಜನ ಇನ್ನೊಬ್ಬರಿಗೆ ಕಳಿಸಿದರು, ಈ ಮೂರು ಎಲ್ಲಕ್ಕಿಂತ ಮುಖ್ಯ ಎಂದು ಇನ್‌ಸ್ಟಾಗ್ರಾಂ ಮುಖ್ಯಸ್ಥ ಆಡಂ ಮೊಸೇರಿ 2025ರ ಆರಂಭದಲ್ಲಿ ಹೇಳಿದ್ದರು. ಫಾಲೋ ಮಾಡದವರಿಗೂ ತಲುಪಲು ‘ಕಳಿಸುವುದು’ ಹೆಚ್ಚು ಕೆಲಸ ಮಾಡುತ್ತದೆ. ಹಾಗಾಗಿ ‘ಇದನ್ನ ನಮ್ಮಕ್ಕಗ ಕಳಸಬೇಕು’ ಅನ್ನಿಸುವ ತುಣುಕನ್ನೇ ಆರಿಸಿ.

ದುಡ್ಡು ಕೊಟ್ಟು ಕೊಳ್ಳುವ ಫಾಲೋವರ್ಸ್

ಆ 3,000 ಉಳಿಸಿಕೊಳ್ಳಿ. ಬರುವ 10,000 ಖಾತೆಗಳಲ್ಲಿ ಕನ್ನಡ ಓದುವ ಮನುಷ್ಯರು ಇರುವುದಿಲ್ಲ. ನಷ್ಟ ಅಲ್ಲಿಗೇ ನಿಲ್ಲುವುದಿಲ್ಲ. ಹೊಸ ಪೋಸ್ಟನ್ನು ಮೊದಲು ಒಂದಿಷ್ಟು ಫಾಲೋವರ್‌ಗಳಿಗೆ ತೋರಿಸಿ ಅವರ ಪ್ರತಿಕ್ರಿಯೆ ನೋಡಿ ಮುಂದೆ ಹರಡುವ ವ್ಯವಸ್ಥೆಯಲ್ಲಿ, ಸತ್ತ ಖಾತೆಗಳು ಹೆಚ್ಚಿದಷ್ಟೂ ನಿಮ್ಮ ನಿಜವಾದ ಓದುಗರಿಗೆ ನೀವು ಕಾಣುವುದು ಕಡಿಮೆಯಾಗುತ್ತದೆ. ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಎರಡರ ನಿಯಮಕ್ಕೂ ಇದು ವಿರುದ್ಧ. ಕೆಲವರು ಇದಕ್ಕಾಗಿ ಪಾಸ್‌ವರ್ಡ್ ಕೇಳುತ್ತಾರೆ, ಕೊಟ್ಟರೆ ಆರು ವರ್ಷದ ಬರಹ ಒಂದೇ ರಾತ್ರಿಯಲ್ಲಿ ಹೋದೀತು. ‘ನಿಮ್ಮ ಪೇಜ್ ಕಾಪಿರೈಟ್ ಉಲ್ಲಂಘಿಸಿದೆ, 24 ಗಂಟೆಯಲ್ಲಿ ಬಂದ್ ಆಗುತ್ತದೆ, ಇಲ್ಲಿ ಒತ್ತಿ’ ಎಂದು ಬರುವ ಮೆಸೇಜೂ ಖಾತೆ ಕದಿಯುವ ತಂತ್ರವೇ. ಎರಡೂ ಖಾತೆಗೆ ಇವತ್ತೇ ಟು-ಫ್ಯಾಕ್ಟರ್ (ಪಾಸ್‌ವರ್ಡ್ ಜೊತೆ ಕೋಡನ್ನೂ ಕೇಳುವ ಎರಡನೆಯ ಬೀಗ) ಹಾಕಿ, ಹಳೆಯ ಪೋಸ್ಟ್‌ಗಳ ಪ್ರತಿಯನ್ನು ಇಳಿಸಿಟ್ಟುಕೊಳ್ಳಿ.

ಪೋಸ್ಟ್ ಬೂಸ್ಟ್ ಮಾಡುವುದು, ಅಂದರೆ ಫೇಸ್‌ಬುಕ್ಕಿಗೇ ದುಡ್ಡು ಕೊಟ್ಟು ಹೆಚ್ಚು ಜನರಿಗೆ ತೋರಿಸುವುದು, ಮೋಸವಲ್ಲ, ಆದರೆ ಸದ್ಯಕ್ಕೆ ಬೇಡ. ಕಂಡದ್ದಕ್ಕೆಲ್ಲ ಲೈಕ್ ಒತ್ತುವವರಿಗೆ ತೋರಿಸಿ ದುಡ್ಡು ಕರಗಿಸುತ್ತದೆ, ಮೇಲೆ ಶೇ 18 ಜಿಎಸ್‌ಟಿ. ಮುಂದೆ ಮಾಡುವುದೇ ಆದರೆ, ತಾನಾಗಿಯೇ ಹೆಚ್ಚು ಶೇರ್ ಆದ ಕಥೆಯ ಪೋಸ್ಟಿಗೆ ಮಾತ್ರ, ಗುರಿ ‘ಮೆಸೇಜ್’ ಎಂದಿಟ್ಟು, ಐನೂರು ರೂಪಾಯಿ ಮೀರದಂತೆ ಮಾಡಿ. ಲಿಂಕ್ ಹಾಕಿದರೆ ರೀಚ್ (ಪೋಸ್ಟ್ ಎಷ್ಟು ಜನರಿಗೆ ತಲುಪುತ್ತದೆ ಎಂಬುದು) ಸಾಯುತ್ತದೆ ಎಂಬ ಮಾತಿನಲ್ಲಿ ಅರ್ಧ ಹುರುಳಿದೆ. ಅಮೆರಿಕದ ಬಳಕೆದಾರರು ನೋಡುವ ಪೋಸ್ಟ್‌ಗಳಲ್ಲಿ ಶೇ 95ಕ್ಕಿಂತ ಹೆಚ್ಚಿನವಕ್ಕೆ ಹೊರಗಿನ ಲಿಂಕೇ ಇರುವುದಿಲ್ಲ ಎಂದು ಫೇಸ್‌ಬುಕ್‌ನ ಒಡೆತನದ ಕಂಪನಿ ಮೆಟಾದ ವರದಿಗಳೇ ಹೇಳುತ್ತವೆ. ಆದರೆ ನಿಮ್ಮ ಮಾರಾಟ ಮೆಸೇಜಿನಲ್ಲಿ ನಡೆಯುವಂಥದ್ದು, ಲಿಂಕಿನ ಗೊಡವೆಯೇ ಇಲ್ಲ.

ವಾಟ್ಸಾಪ್: ಗ್ರೂಪ್ ಮುಚ್ಚಿ

ಕೇಳದೆ ಸೇರಿಸಿದ್ದಕ್ಕೆ 90 ಮಂದಿ ಬಿಟ್ಟರು, ಉಳಿದವರಲ್ಲಿ ಎಷ್ಟೋ ಜನ ಮ್ಯೂಟ್ ಮಾಡಿರುತ್ತಾರೆ. ಹಲವರು ಒಟ್ಟಿಗೆ ‘ರಿಪೋರ್ಟ್’ ಒತ್ತಿದರೆ ನಿಮ್ಮ ನಂಬರೇ ಬ್ಯಾನ್ ಆಗಬಹುದು. ಗ್ರೂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುವುದರಿಂದ ತೊಂದರೆ ನಿಮಗೊಬ್ಬರಿಗೇ ಅಲ್ಲ, ಅಲ್ಲಿರುವ ಇತರ ಹೆಣ್ಣುಮಕ್ಕಳಿಗೂ ಉಂಟು. ಒಂದು ಸಾಲಿನ ಕ್ಷಮೆ ಬರೆದು ಮುಚ್ಚಿಬಿಡಿ.

ಬದಲಿಗೆ ಎರಡು ದಾರಿ. ಹೊಸ ಸಿಮ್ ತೆಗೆದು ಅದರಲ್ಲಿ ವಾಟ್ಸಾಪ್ ಬಿಸಿನೆಸ್ ಹಾಕಿ. ಇದಕ್ಕೂ ದುಡ್ಡಿಲ್ಲ. ಪುಸ್ತಕವನ್ನು ಕ್ಯಾಟಲಾಗ್‌ನಲ್ಲಿ ಇಡಬಹುದು, ‘ವಿಳಾಸ ಕಳಿಸಿದವರು’, ‘ದುಡ್ಡು ಬಂದದ್ದು’, ‘ಅಂಚೆಗೆ ಹಾಕಿದ್ದು’ ಎಂದು ಲೇಬಲ್ ಅಂಟಿಸಬಹುದು. ರಾತ್ರಿ ಎಂಟಕ್ಕೆ ಆ ಸಿಮ್ ಬಂದ್. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದವರಿಗೆ ಒಬ್ಬೊಬ್ಬರಿಗೇ ಮೆಸೇಜ್ ಬರೆದು, ತಿಂಗಳಿಗೆರಡು ಸಲ ಕಥೆಯ ತುಣುಕು ಕಳಿಸಬಹುದೇ ಎಂದು ಕೇಳಿ. ಒಪ್ಪಿದವರನ್ನು ಬ್ರಾಡ್‌ಕಾಸ್ಟ್ ಪಟ್ಟಿಗೆ ಹಾಕಿ. ಒಂದು ಪಟ್ಟಿಗೆ 256 ಜನರ ಮಿತಿ. ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣದು, ಅವರ ಉತ್ತರ ನಿಮಗೊಬ್ಬರಿಗೇ ಬರುತ್ತದೆ. ಅವರು ನಿಮ್ಮ ಹೊಸ ನಂಬರನ್ನು ಸೇವ್ ಮಾಡಿಕೊಂಡಿರದಿದ್ದರೆ ಮೆಸೇಜ್ ತಲುಪುವುದೇ ಇಲ್ಲ, ಇದನ್ನು ಮೊದಲ ಮೆಸೇಜಿನಲ್ಲೇ ಹೇಳಿ. ಎರಡನೆಯದು ವಾಟ್ಸಾಪ್ ಚಾನೆಲ್. ಫಾಲೋವರ್‌ಗಳಿಗೆ ನಿಮ್ಮ ನಂಬರ್ ಕಾಣುವುದಿಲ್ಲ, ಎಷ್ಟು ಮಂದಿ ಬೇಕಾದರೂ ಸೇರಬಹುದು. ಆದರೆ ಅಲ್ಲಿ ಬ್ರಾಡ್‌ಕಾಸ್ಟಿನ ಹಾಗೆ ಒಬ್ಬೊಬ್ಬರ ಜೊತೆ ಮಾತು ಬೆಳೆಯುವುದಿಲ್ಲ. ನಿಮಗೆ ಬ್ರಾಡ್‌ಕಾಸ್ಟೇ ಮೊದಲು, ಚಾನೆಲ್ ಆಮೇಲೆ.

ಆರ್ಡರ್ ಬಂದಾಗ ಯುಪಿಐ ಐಡಿ ಹಳೆಯ ಫೋನ್ ನಂಬರೇ ಆಗಿದ್ದರೆ ಬದಲಿಸಿಕೊಳ್ಳಿ, ಇಲ್ಲವಾದರೆ ಆ ನಂಬರ್ ಮತ್ತೆ ಹೊರಬಿತ್ತು. 144 ಪುಟದ ಡೆಮಿ ಅಳತೆಯ (ಸಾಮಾನ್ಯ ಕಥೆ-ಕಾದಂಬರಿಯ ಗಾತ್ರದ) ಪುಸ್ತಕ ಸಾಧಾರಣ ಕಾಗದದಲ್ಲಿ 170–190 ಗ್ರಾಂ ತೂಗುತ್ತದೆ. ಅಂಚೆ ಇಲಾಖೆ 2025ರ ಮೇ 1ರಂದು ಪುಸ್ತಕಗಳಿಗಾಗಿ ಶುರು ಮಾಡಿದ ‘ಜ್ಞಾನ ಪೋಸ್ಟ್’ನಲ್ಲಿ 300 ಗ್ರಾಂವರೆಗೆ 20 ರೂಪಾಯಿ, ತೆರಿಗೆ ಬೇರೆ. ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರು ಅಚ್ಚಾಗಿರಬೇಕು. ವಿಮಾನದಲ್ಲಿ ಹೋಗುವುದಿಲ್ಲ, ತಡವಾದೀತು ಎಂದು ಕೊಂಡವರಿಗೆ ಮೊದಲೇ ತಿಳಿಸಿ. ಎರಡು ಪ್ರತಿ ಒಟ್ಟಿಗೆ ಕಟ್ಟಿದರೆ 300 ಗ್ರಾಂ ದಾಟುತ್ತದೆ, ದರ ಏರುತ್ತದೆ. ಪ್ರತಿ ಪುಸ್ತಕದ ಜೊತೆ ಕೈಬರಹದ ಚೀಟಿ ಇಡಿ, ಅದರಲ್ಲಿ ‘ಯಾವ ಕಥೆ ಓದಿ ಮುಗಿದ ಮೇಲೂ ತಲೆಯಲ್ಲಿ ಉಳಿಯಿತು?’ ಎಂದು ಒಂದೇ ಪ್ರಶ್ನೆ. ಉತ್ತರ ಬಂದರೆ, ಒಪ್ಪಿಗೆ ಪಡೆದು ಅದೇ ಮುಂದಿನ ವಾರದ ಪೋಸ್ಟ್.

ಎರಡು ತಿಂಗಳಲ್ಲಿ 442 ಪ್ರತಿಯೂ ಖಾಲಿಯಾಗುತ್ತವೆ ಎಂದು ನಾನು ಹೇಳುವುದಿಲ್ಲ. ಗೆರೆ ಎಳೆದ ಹೆಸರುಗಳಲ್ಲಿ ಅರ್ಧದಷ್ಟು ಜನ ಕೊಂಡು, ಅವರಲ್ಲಿ ಕೆಲವರು ಇನ್ನೊಬ್ಬರಿಗೆ ಹೇಳಿದರೆ ದಾರಿ ಸರಿಯಿದೆ ಎಂದರ್ಥ. ಇಷ್ಟು ಮಾತಾಡಿದ ಮೇಲೂ ಅವರೇ ಕೊಳ್ಳದಿದ್ದರೆ, ಆಗ ಬರವಣಿಗೆಯ ಬಗ್ಗೆ ಕೇಳಬಹುದು, ಅದನ್ನೂ ಅವರನ್ನೇ.

ಇನ್ನೊಂದು ಮಾತು. ಹುಮ್ಮಸ್ಸಿನಲ್ಲಿ ಹೊಸ ಕಥೆಗಳನ್ನು ಪೂರ್ತಿ ಫೇಸ್‌ಬುಕ್ಕಿಗೆ ಸುರಿಯಬೇಡಿ. ಸಂಕಲನದ 12ರಲ್ಲಿ ಒಂದನ್ನು ಪೂರ್ತಿ ಕೊಡಿ, ಉಳಿದವುಗಳ ತುಣುಕು ಸಾಕು. ಪತ್ರಿಕೆಗಳು, ಕಥಾಸ್ಪರ್ಧೆಗಳು ಸಾಮಾನ್ಯವಾಗಿ ಎಲ್ಲೂ ಪ್ರಕಟವಾಗದ ಕಥೆ ಕೇಳುತ್ತವೆ, ಸಾಮಾಜಿಕ ಜಾಲತಾಣದಲ್ಲಿ ಬಂದದ್ದನ್ನೂ ಎಷ್ಟೋ ಕಡೆ ಪ್ರಕಟಿತ ಎಂದೇ ಎಣಿಸುತ್ತಾರೆ. ಆಮೇಲೆ ಅಳಿಸಿದರೂ ಯಾರದೋ ಫೋನಿನಲ್ಲಿ ಸ್ಕ್ರೀನ್‌ಶಾಟ್ ಇರುತ್ತದೆ. ದೀಪಾವಳಿ ವಿಶೇಷಾಂಕಕ್ಕೆ ಕಳಿಸಬೇಕೆಂದಿರುವ ಕಥೆಯಿದ್ದರೆ ಅದರ ಒಂದು ಸಾಲೂ ಹೊರಗೆ ಬರದಿರಲಿ.